ಮುಟ್ಟಿದರೆ ಮುನಿಯ ಮುಂದೆ ಒಂದು ಮೊಬೈಲು

ಮೂಡಿಗೆರೆ ಕಡೆಯ ನಮ್ಮ ಶಾಲೆಯ ಹಿಂದೆ, ಕಾಫಿ ತೋಟದ ಬೇಲಿಯುದ್ದಕ್ಕೂ ಮುಟ್ಟಿದರೆ ಮುನಿ ಹಬ್ಬಿದೆ. ಒಂದನೇ ತರಗತಿ ಮಕ್ಕಳನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ.

ಮೊಬೈಲ್ ಆಮೇಲೆ. ಮೊದಲು ಮಕ್ಕಳು ಬೆರಳಿಂದ ಮುಟ್ಟಲಿ, ಎಲೆ ಯಾಕೆ ಮಡಚಿತು ಅಂತ ಊಹಿಸಲಿ. ಉತ್ತರ ಹೇಳಲು ಅವಸರ ಬೇಡ.

ನಂತರ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ. ತುದಿ ಮುಟ್ಟಿದರೆ ಎಲೆಗಳು ಜೋಡಿ ಜೋಡಿಯಾಗಿ ಬುಡದ ಕಡೆಗೆ ಮಡಚುತ್ತಾ ಹೋಗುತ್ತವೆ. ಪ್ರತಿ ಎಲೆಯ ಬುಡದ ಪುಟ್ಟ ಉಬ್ಬಿನೊಳಗೆ ನೀರು ಸರಿಯುವುದೇ ಕಾರಣ.

ಮತ್ತೆ ಬಿಚ್ಚಿಕೊಳ್ಳಲು ಸುಮಾರು 10–20 ನಿಮಿಷ ಬೇಕು. ಪುಟಾಣಿಗಳು ಅಷ್ಟು ಹೊತ್ತು ಸುಮ್ನೆ ಕೂರಲ್ಲ, ಅಲ್ವಾ? ಫೋನನ್ನು ಕಲ್ಲಿಗೆ ಒರಗಿಸಿ ಟೈಮ್ ಲ್ಯಾಪ್ಸ್ (ನಿಧಾನವಾಗಿ ಆಗುವುದನ್ನು ಬೇಗ ಬೇಗ ತೋರಿಸುವ ವಿಡಿಯೊ) ಹಾಕಿಡಿ. ಅಷ್ಟರಲ್ಲಿ ಮಕ್ಕಳು ಗಿಡದ ಚಿತ್ರ ಬರೆಯಲಿ.

ಮಳೆಗಾಲವಾದರೆ ಮಕ್ಕಳ ಕಾಲಿಗೆ ಇಂಬಳ (ಜಿಗಣೆ) ಹತ್ತಿದೆಯಾ ನೋಡುತ್ತಿರಿ.