ಟೂ ನೈಟ್ಸ್‌ನಲ್ಲಿ ಕೊಟ್ಟ ಪಾನ್ ವಸೂಲಿಗೆ ಅವಸರ ಬೇಡ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಟೂರ್ನಿಗಳಲ್ಲಿ ಕಪ್ಪು ಕಾಯಿಯಲ್ಲಿ ಇ5 ಆಡುವ ನನಗೆ ಪದೇ ಪದೇ ಎದುರಾಗುವುದು ಇದೇ ಟೂ ನೈಟ್ಸ್, ಅಂದರೆ ಕಪ್ಪು ತನ್ನ ಎರಡೂ ಕುದುರೆಗಳನ್ನು ಮೊದಲೇ ಹೊರತರುವ ಆರಂಭ: 1.ಇ4 ಇ5 2.ಕುದುರೆ ಎಫ್3 ಕುದುರೆ ಸಿ6 3.ಒಂಟೆ ಸಿ4 ಕುದುರೆ ಎಫ್6 4.ಕುದುರೆ ಜಿ5. ಬಿಳಿಯ ಗುರಿ ಎಫ್7, ಕಪ್ಪು ರಾಜ ಮಾತ್ರ ಕಾಯುವ ಪಾನ್ (ಕಾಲಾಳು).

4...ಡಿ5 5.ಇ×ಡಿ5 (ಮೂರು ಚುಕ್ಕೆ ಅಂದರೆ ಕಪ್ಪಿನ ನಡೆ, × ಅಂದರೆ ಹೊಡೆತ) ಆದಮೇಲೆ ಕುದುರೆಯಿಂದ ಡಿ5 ಹೊಡೆಯಬೇಡಿ. 6.ಕುದುರೆ×ಎಫ್7 ರಾಜ×ಎಫ್7 7.ರಾಣಿ ಎಫ್3 ಚೆಕ್; ಡಿ5ರ ಕುದುರೆ ಉಳಿಸಿಕೊಳ್ಳಲು ರಾಜ ಇ6ಕ್ಕೆ, ಅಂದರೆ ಬೋರ್ಡಿನ ನಡುವಿಗೇ ಬರಬೇಕು. 90 ನಿಮಿಷದ ಆಟದಲ್ಲೂ ಅದನ್ನು ಕಾಯುವುದು ಬಲು ಕಷ್ಟ.

ನಾನು ಆಡುವುದು 5...ಕುದುರೆ ಎ5. ಮುಂದೆ 6.ಒಂಟೆ ಬಿ5 ಚೆಕ್ ಸಿ6 7.ಡಿ×ಸಿ6 ಬಿ×ಸಿ6 8.ಒಂಟೆ ಇ2 ಎಚ್6. ಇಲ್ಲಿ ಬಿಳಿ ತನ್ನ ಕುದುರೆಯನ್ನು ಎಚ್3ಗೆ ಒಯ್ಯುವುದೂ ಉಂಟು. ಹಳೆಯ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಆಡಿದ್ದು, 1963ರಲ್ಲಿ ಅಮೆರಿಕದ ಫಿಷರ್ ಮತ್ತೆ ಆಡಿದರು. ನಾನು ಕಪ್ಪಿನಲ್ಲಿ ಆಡಿದ ಒಂದು ಆಟ ಇಲ್ಲಿದೆ; ಅದರಲ್ಲಿ ಬಂದದ್ದು 9.ಕುದುರೆ ಎಫ್3 ಇ4 10.ಕುದುರೆ ಇ5 ಒಂಟೆ ಡಿ6 11.ಡಿ4 ಇ×ಡಿ3 (ಆನ್ ಪಾಸಾಂ: ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಪಾನ್ ಅನ್ನು ಮರುನಡೆಯಲ್ಲೇ ಹೊಡೆಯುವುದು, ಮರೆತರೆ ಹೋಯಿತು) 12.ಕುದುರೆ×ಡಿ3 ರಾಣಿ ಸಿ7.

ಈಗ ಎಣಿಸಿ ನೋಡಿ. ಬಿಳಿಯ 12 ನಡೆಗಳಲ್ಲಿ ಐದು ಒಂದೇ ಕುದುರೆಯವು, ಮೂರು ಒಂದೇ ಒಂಟೆಯವು, ಉಳಿದ ನಾಲ್ಕು ಪಾನ್‌ನವು. ಮಿಕ್ಕ ಕಾಯಿಗಳು ಇದ್ದಲ್ಲೇ ಇವೆ. ಒಂದು ಪಾನ್ ಕೊಟ್ಟು ನಾವು ಕೊಂಡದ್ದು ಈ ಸಮಯವನ್ನು. ಬಿಳಿ ತಕ್ಷಣ ಕ್ಯಾಸಲ್ ಮಾಡಿದರೆ (ರಾಜನನ್ನು ಆನೆಯ ಕಡೆ ಸರಿಸಿ ಭದ್ರ ಮಾಡುವ ನಡೆ) ಒಂಟೆ×ಎಚ್2 ಚೆಕ್, ಪಾನ್ ವಾಪಸ್. ಅದಕ್ಕೇ ಎದುರಾಳಿ 13.ಎಚ್3 ಆಡಿದರು. 13...ಕ್ಯಾಸಲ್ 14.ಕ್ಯಾಸಲ್ ಒಂಟೆ ಎಫ್5 15.ಕುದುರೆ ಡಿ2 ಎ8ರ ಆನೆ ಡಿ8 16.ಬಿ3.

ಹಿಂದಿನ ಆಟಗಳಲ್ಲಿ ನಾನು ಕೆಟ್ಟಿದ್ದು ಈ ಹಂತದಲ್ಲಿ: ಡಿ3ರ ಕುದುರೆಯನ್ನು ಒಂಟೆಯಿಂದ ಹೊಡೆದು ಜೋಡಿ ಒಂಟೆ ಕಳೆದುಕೊಂಡೆ, ಪಾನ್ ಮಾತ್ರ ಬರಲಿಲ್ಲ. ಈ ಸಲ ಅಂಚಿನಲ್ಲಿ ಸುಮ್ಮನೆ ಕೂತಿದ್ದ ಎ5ರ ಕುದುರೆಗೆ ದಾರಿ ಮಾಡಿದೆ. 16...ಸಿ5 17.ಒಂಟೆ ಬಿ2 ಕುದುರೆ ಸಿ6 18.ಆನೆ ಇ1 ಕುದುರೆ ಡಿ4 19.ಒಂಟೆ×ಡಿ4 ಸಿ×ಡಿ4. ಸಿ ಸಾಲು ತೆರೆಯಿತು, ಹಿಂದುಳಿದ ಸಿ2 ಪಾನ್ ನನ್ನ ರಾಣಿಯ ಕಣ್ಣಿಗೆ ಬಿತ್ತು. 17ರ ನಂತರ ಅವರು ಬಿ2ರ ಒಂಟೆಯಿಂದ ಎಫ್6 ಹೊಡೆದಿದ್ದರೆ ನನ್ನ ರಾಜನ ಮುಂದಿನ ಪಾನ್‌ಗಳು ಒಡೆಯುತ್ತಿದ್ದವು. ಕುದುರೆ ಸಿ6 ಆಡುವ ಮೊದಲು ಅದಕ್ಕೇ ಹನ್ನೊಂದು ನಿಮಿಷ ತೆಗೆದುಕೊಂಡೆ.

ಒಂದು ಸಣ್ಣ ಮಾತು. ಮಳೆಗಾಲದಲ್ಲಿ ಇಲ್ಲಿ ಸ್ಕೋರ್‌ಶೀಟ್ (ನಡೆ ಬರೆಯುವ ಹಾಳೆ) ತಣ್ಣಗೆ ಮೆತ್ತಗಾಗಿರುತ್ತದೆ, ಒತ್ತಿ ಬರೆಯದಿದ್ದರೆ ಕೆಳಗಿನ ಪ್ರತಿಗೆ ಇಳಿಯುವುದಿಲ್ಲ. ಕಾಯಿ ನಡೆಸಿ, ಗಡಿಯಾರ ಒತ್ತಿ, ಆಮೇಲೆ ಬರೆಯಿರಿ. ಮೊದಲೇ ಬರೆದಿಡುವುದು ನಿಯಮಕ್ಕೆ ವಿರುದ್ಧ.

32ನೇ ನಡೆಗೆ ಸಿ2 ಬಿತ್ತು. ಪಾನ್ ಸಮ, ಜೋಡಿ ಒಂಟೆ ಇನ್ನೂ ನನ್ನ ಹತ್ತಿರವೇ ಇತ್ತು.