ಧರ್ಮದ ಹೆಸರಿನಲ್ಲಿ ಮತ ಕೇಳಿದರೆ ಮತದಾರರು ಮಾಡಬೇಕಾದದ್ದು

ಅಭ್ಯರ್ಥಿಯೊಬ್ಬರು ದೇವಸ್ಥಾನದಲ್ಲಿ ಪೂಜೆ ಮಾಡಿಸುವುದಾಗಲಿ, ದರ್ಗಾಕ್ಕೋ ಚರ್ಚಿಗೋ ಹೋಗಿ ಬರುವುದಾಗಲಿ ತಪ್ಪಲ್ಲ. ಆ ಭಕ್ತಿಯನ್ನೇ ಮುಂದಿಟ್ಟು ಮತ ಕೇಳುವುದು ತಪ್ಪು. ಆದ್ದರಿಂದ ದೂರು ಕೊಡುವ ಮೊದಲು, ಕೇಳಿಸಿಕೊಂಡ ಮಾತು ಯಾವ ಬಗೆಯದೆಂದು ತೀರ್ಮಾನಿಸಿಕೊಳ್ಳಬೇಕು.

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 123(3)ರ ಪ್ರಕಾರ ಧರ್ಮ, ಜಾತಿ, ಭಾಷೆಗಳ ಆಧಾರದ ಮೇಲೆ ಮತ ಕೇಳುವುದು ಭ್ರಷ್ಟ ಆಚರಣೆ. ಇಲ್ಲಿ ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮವೂ ಸೇರುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿ 2ರಂದು 4–3 ಬಹುಮತದಿಂದ ಹೇಳಿತು. ಸಮುದಾಯಗಳು ಅನುಭವಿಸಿದ ಅನ್ಯಾಯವನ್ನು ಚುನಾವಣೆಯಲ್ಲಿ ಚರ್ಚಿಸುವುದಕ್ಕೇ ಇದು ತಡೆಯಾಗಬಾರದೆಂಬುದು ಭಿನ್ನಮತದ ಮೂವರ ಕಾಳಜಿಯಾಗಿತ್ತು. ಆ ಕಾಳಜಿಯನ್ನು ನಾವೂ ಮರೆಯಬಾರದೆಂದು ನಾನು ನಂಬುತ್ತೇನೆ: ಊರಿನಲ್ಲಿ ಸ್ಮಶಾನಕ್ಕೆ ಜಾಗವಿಲ್ಲವೆಂದು ದೂರುವ ಭಾಷಣವನ್ನೂ 'ನಮ್ಮ ಧರ್ಮದವನಿಗೇ ಮತ ಹಾಕಿ' ಎನ್ನುವ ಭಾಷಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮತ ಹಾಕದಿದ್ದರೆ ದೇವರು ಮುನಿಯುತ್ತಾನೆಂದು ಹೆದರಿಸುವುದು ಇನ್ನೂ ಗಂಭೀರವಾದದ್ದು. ಅದನ್ನು ಸೆಕ್ಷನ್ 123(2) ಅನುಚಿತ ಪ್ರಭಾವವೆಂದು ಪರಿಗಣಿಸುತ್ತದೆ. ಮಂದಿರ, ಮಸೀದಿ, ಚರ್ಚುಗಳನ್ನು ಪ್ರಚಾರದ ವೇದಿಕೆ ಮಾಡಿಕೊಳ್ಳುವುದನ್ನು ಮಾದರಿ ನೀತಿ ಸಂಹಿತೆಯೂ ನಿಷೇಧಿಸಿದೆ.

ಚುನಾವಣೆ ಘೋಷಣೆಯಾದ ಮೇಲೆ ಇಂಥದ್ದು ಕಣ್ಣಿಗೆ ಬಿದ್ದರೆ, ಚುನಾವಣಾ ಆಯೋಗದ ಸಿವಿಜಿಲ್ ಆ್ಯಪ್ ತೆರೆದು ಅದರಲ್ಲಿಯೇ ಚಿತ್ರೀಕರಿಸಿ ಕಳುಹಿಸಿ. ಹೆಸರು ಹೇಳದೆಯೂ ದೂರು ಕೊಡಬಹುದು. ದೂರಿನ ಮೇಲೆ 100 ನಿಮಿಷಗಳೊಳಗೆ ಕ್ರಮ ಕೈಗೊಳ್ಳುವುದು ಈ ವ್ಯವಸ್ಥೆಯ ಗುರಿ.

ಗೆದ್ದವರ ಆಯ್ಕೆಯನ್ನೇ ಪ್ರಶ್ನಿಸಬೇಕೆಂದರೆ ಆ ಕ್ಷೇತ್ರದ ಮತದಾರರು ಅವರು ಆಯ್ಕೆಯಾದ ದಿನದಿಂದ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ಅರ್ಜಿಯೊಂದಿಗೆ 2,000 ರೂಪಾಯಿ ಠೇವಣಿಯನ್ನೂ ಭ್ರಷ್ಟ ಆಚರಣೆಯ ಆರೋಪಕ್ಕೆ ಪ್ರಮಾಣಪತ್ರವನ್ನೂ (ಅಫಿಡವಿಟ್) ಸಲ್ಲಿಸಬೇಕು. ಆರೋಪ ಸಾಬೀತಾದರೆ ಆಯ್ಕೆ ರದ್ದಾಗುತ್ತದೆ. 6 ವರ್ಷಗಳವರೆಗೆ ಅನರ್ಹತೆಯೂ ಬರಬಹುದು. ಹೆಚ್ಚಿನ ಕಷ್ಟವಿರುವುದು ಸಾಕ್ಷ್ಯದಲ್ಲಿ: ಮಾತನಾಡಿದವರು ಬೆಂಬಲಿಗರಾಗಿದ್ದರೆ, ಅದಕ್ಕೆ ಅಭ್ಯರ್ಥಿಯ ಅಥವಾ ಅವರ ಏಜೆಂಟರ ಸಮ್ಮತಿಯಿತ್ತೆಂದು ತೋರಿಸಬೇಕಾಗುತ್ತದೆ. ಹಾಗಾಗಿ ಸಭೆಯ ದಿನಾಂಕ, ಸ್ಥಳ, ವೇದಿಕೆಯ ಮೇಲೆ ಯಾರಿದ್ದರು, ಆಡಿದ ಮಾತು ಅಕ್ಷರಶಃ ಏನು ಎಂಬುದನ್ನು ಅದೇ ದಿನ ಬರೆದಿಡಿ. ಅಲ್ಲಿದ್ದ ಇನ್ನಿಬ್ಬರು ಸಾಕ್ಷಿ ಹೇಳಲು ಸಿದ್ಧರಿದ್ದಾರೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.