ದುಬೈ ದುಡ್ಡು ದೇಶದ ಲೆಕ್ಕದಲ್ಲಿ ಎಲ್ಲಿ ಕೂರುತ್ತದೆ? ಹೀಗೆ ಹುಡುಕಿ

ಕುಂದಾಪುರ ಕಡೆಯ ಬ್ಯಾಂಕೊಂದರ ಎನ್‌ಆರ್‌ಐ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವಳು ನಾನು. "ಮಗ ಕಳಿಸೋ ದುಡ್ಡಿಂದ ದೇಶದ ರಫ್ತು ಜಾಸ್ತಿ ಆಗುತ್ತಲ್ವಾ ಮೇಡಂ?" ಅಂತ ಎಷ್ಟೋ ಜನ ಕೇಳಿದ್ದಾರೆ. ಆಗುವುದಿಲ್ಲ. ದೇಶದ ಲೆಕ್ಕಪಟ್ಟಿಯಲ್ಲಿ ಅದು ಕೂರುವ ಸಾಲು ಬೇರೆ.

ಮೊದಲು ನಿಮ್ಮ ಹಣದ ಪರ್ಪಸ್ ಕೋಡ್, ಅಂದರೆ ಹಣ ಯಾವ ಉದ್ದೇಶಕ್ಕೆ ಬಂತು ಅಂತ ಬ್ಯಾಂಕ್ ಹಾಕುವ ಸಂಕೇತ, ನೋಡಿ. ಮನೆ ಖರ್ಚಿಗೆ ಬಂದದ್ದಾದರೆ ಪಿ1301. ಈ ಕೋಡ್ ನೋಡಿಯೇ ಹಣ ಯಾವ ಸಾಲಿಗೆ ಅಂತ ತೀರ್ಮಾನ. ನಾನೇ ಒಮ್ಮೆ ಗಡಿಬಿಡಿಯಲ್ಲಿ ಒಬ್ಬ ತಾಯಿಯ ಹಣಕ್ಕೆ ಸಾಫ್ಟ್‌ವೇರ್ ರಫ್ತಿನ ಕೋಡ್ ಹಾಕಿಬಿಟ್ಟಿದ್ದೆ. ಸರಿಪಡಿಸಲು ಎರಡು ದಿನ ಹಿಡಿಯಿತು.

ಆಮೇಲೆ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಬಿಡುವ ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ ಪಟ್ಟಿ, ಅಂದರೆ ದೇಶಕ್ಕೆ ಬಂದ, ದೇಶದಿಂದ ಹೋದ ಹಣದ ಲೆಕ್ಕ, ತೆರೆಯಿರಿ. ಪೆನ್ಸಿಲ್ ಹಿಡಿದು ನಿವ್ವಳ ಅಂಕಿಗಳನ್ನಷ್ಟೇ (ಬಂದದ್ದಕ್ಕೂ ಹೋದದ್ದಕ್ಕೂ ಇರುವ ವ್ಯತ್ಯಾಸ) ಬರೆದುಕೊಳ್ಳಿ. 2023-24ನೇ ಸಾಲಿನ ಬಗ್ಗೆ ಮೊದಲ ಸಲ ಪ್ರಕಟವಾದ ಲೆಕ್ಕ ಹೆಚ್ಚುಕಡಿಮೆ ಹೀಗಿತ್ತು: ಸರಕು ವ್ಯಾಪಾರದಲ್ಲಿ 242 ಬಿಲಿಯನ್ ಡಾಲರ್ ಕೊರತೆ, ಸೇವೆಗಳಲ್ಲಿ 163 ಉಳಿಕೆ, ಬಡ್ಡಿ-ಲಾಭಾಂಶದಲ್ಲಿ 50 ಹೊರಗೆ, ವರ್ಗಾವಣೆಯಲ್ಲಿ (ಮಗ ಕಳಿಸುವ ದುಡ್ಡು ಕೂರುವ ಸಾಲು ಇದೇ) 106 ಒಳಗೆ. ಕೂಡಿ ಕಳೆದರೆ ಚಾಲ್ತಿ ಖಾತೆಯ, ಅಂದರೆ ಈ ನಾಲ್ಕೂ ಸೇರಿದ ದೇಶದ ಲೆಕ್ಕದ, ಕೊರತೆ ಬರೀ 23. ಈಗ ಆ 106ನ್ನು ಅಳಿಸಿ ನೋಡಿ. ಕೊರತೆ 129ಕ್ಕೆ ಹಾರುತ್ತದೆ! ಮೇಲಿನ 242 ಮಾತ್ರ ಕದಲುವುದಿಲ್ಲ.

ಹಾಗಂತ ವ್ಯಾಪಾರದ ಕೊರತೆಗೂ ಈ ದುಡ್ಡಿಗೂ ಸಂಬಂಧವೇ ಇಲ್ಲ ಅನ್ನಬೇಡಿ. ಅದನ್ನು ಪಟ್ಟಿಯಲ್ಲಲ್ಲ, ಮನೆಯಲ್ಲಿ ಹುಡುಕಬೇಕು. ಒಂದು ತಿಂಗಳ ಖರ್ಚು ಬರೆದಿಡಿ. ಅಕ್ಕಿ, ಮೀನು, ಗಾರೆ ಕೆಲಸದವರ ಕೂಲಿ ಇಲ್ಲಿಯವೇ. ಬೈಕಿನ ಪೆಟ್ರೋಲ್? ಮಗಳ ಮದುವೆಯ ಚಿನ್ನ? ಕಚ್ಚಾ ತೈಲದ ಬಹುಪಾಲು, ಚಿನ್ನ ಹೆಚ್ಚುಕಡಿಮೆ ಎಲ್ಲವೂ ಹೊರಗಿನಿಂದ ಬರಬೇಕು. ಹೀಗೆ ಕೊರತೆ ತುಂಬುವ ದುಡ್ಡೇ ಆಮದನ್ನೂ ಸ್ವಲ್ಪ ಹೆಚ್ಚಿಸುತ್ತದೆ.

ಇನ್ನೊಂದು ದಾರಿ ರೂಪಾಯಿ ದರ. ಡಾಲರ್ ಧಾರಾಳವಾಗಿ ಬಂದರೆ ರೂಪಾಯಿ ಗಟ್ಟಿ. ಆಮದು ಅಗ್ಗ, ರಫ್ತುದಾರನ ಕೈಗೆ ಬರುವ ರೂಪಾಯಿ ಕಡಿಮೆ. ನಮ್ಮ ಗಿರಾಕಿಯೊಬ್ಬರ ಮಗ ಅಬುಧಾಬಿಯಲ್ಲಿ, ಅವರದು ಗೇರುಬೀಜದ ಕಾರ್ಖಾನೆ. ಡಾಲರ್ ಏರಿದ ದಿನ ಕೌಂಟರಿಗೆ ಗೋಡಂಬಿ ಪೊಟ್ಟಣ ಬರುತ್ತಿತ್ತು. ಆಫ್ರಿಕಾದಿಂದ ತರಿಸಿದ ಹಸಿ ಬೀಜದ ಬಿಲ್ಲು ಕಟ್ಟುವ ದಿನವೂ ಡಾಲರ್ ಏರಿದ್ದರೆ, ಮುಖ ಗಂಟು ಹಾಕಿಕೊಂಡು ಬಂದು ಬರೀ ಚಲನ್ ಕೊಟ್ಟು ಹೋಗುತ್ತಿದ್ದರು.